ಕಂಪ್ಯೂಟರ್ ಹ್ಯಾಂಗ್ ಆದರೆ ಗಾಬರಿ ಬೇಡ: ಮೊದಲು ಲೆಕ್ಕ ಉಳಿಸಿ, ಆಮೇಲೆ ರಿಪೇರಿ



ಜಡಿಗೇನಹಳ್ಳಿ ಹೋಬಳಿಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಹದಿನಾರು ಜನ ಸದಸ್ಯರು ಚಾಪೆ ಮೇಲೆ ಕೂತಿದ್ದರು, ಆದರೆ ಯಾರ ಮುಖದಲ್ಲೂ ನಗು ಇರಲಿಲ್ಲ. "ಏನಮ್ಮಾ, ಎಲ್ಲರೂ ಸುಮ್ಮನೆ ಕೂತಿದೀರಿ?" ಎಂದು ಕೇಳಿದೆವು. ಹಿರಿಯ ಅಕ್ಕ ಒಬ್ಬರು ಬಾಯಿಬಿಟ್ಟರು: "ಸಿಸ್ಟರ್, ನಾಲ್ಕು ತಿಂಗಳಿಂದ ಲೆಕ್ಕ ತೋರಿಸಿಲ್ಲ. ಕೇಳಿದ್ರೆ ಕಂಪ್ಯೂಟರ್ ಹ್ಯಾಂಗ್ ಆಗ್ತಾ ಇದೆ ಅಂತಾಳೆ. ಕಂಪ್ಯೂಟರ್ ಹ್ಯಾಂಗ್ ಆದ್ರೆ ನಮ್ಮ ದುಡ್ಡೂ ಹ್ಯಾಂಗ್ ಆಗ್ತದಾ?"

ಲೆಕ್ಕ ಬರೆಯುವ ತಂಗಿ ಅಲ್ಲೇ ಕಣ್ಣೀರು ಹಾಕಿದಳು. ಅವಳು ಒಂದು ರೂಪಾಯಿಯನ್ನೂ ಮುಟ್ಟಿದವಳಲ್ಲ. ಮಗಳ ಬಿಕಾಂ ಓದಿಗೆ ಅಂತ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿದ್ದರು. ಸಂಘದ ಉಳಿತಾಯ, ಆಂತರಿಕ ಸಾಲ, ಮರುಪಾವತಿ ಎಲ್ಲವನ್ನೂ ಮಗಳ ಸಹಾಯದಿಂದ ಅದರಲ್ಲೇ ಹಾಕುತ್ತಿದ್ದಳು. "ಕಂಪ್ಯೂಟರ್‌ನಲ್ಲಿ ಇದೆಯಲ್ಲಾ" ಅಂತ ಪುಸ್ತಕ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದಳು. ಈಗ ಅದು ಶುರು ಮಾಡಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡಿಸಿದರೂ ಬಾಣ ಅಲ್ಲಾಡದು. ರಿಪೇರಿಯವರಿಗೆ ಫೋನ್ ಮಾಡಿದರೆ, ನೋಡದೆಯೇ "ಮದರ್ ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಎಂದಿದ್ದರಂತೆ. ಹೊಸದಕ್ಕೆ ದುಡ್ಡಿಲ್ಲ, ಹಳೆಯದರಲ್ಲಿ ಲೆಕ್ಕ ಸಿಕ್ಕುತ್ತಿಲ್ಲ, ಊರಲ್ಲಿ ಮಾತು ಮಾತ್ರ ಬೆಳೆಯುತ್ತಿದೆ.

ಮಾರನೇ ದಿನ ಬೆಳಿಗ್ಗೆ ನಾವು ಅವಳ ಮನೆಗೆ ಹೋದೆವು. ನಾವೇನೂ ಇಂಜಿನಿಯರುಗಳಲ್ಲ. ನಮ್ಮ ಆಫೀಸಿನ ಹಳೇ ಕಂಪ್ಯೂಟರುಗಳ ಜೊತೆ ಹೆಣಗಾಡಿ ಹೆಣಗಾಡಿ ಕಲಿತವರು. ಬೆಳಗಿನ ತಂಪಿನಲ್ಲಿ ಅದನ್ನು ಶುರು ಮಾಡಿ, ಅದು ನಿಲ್ಲುವ ಮುಂಚೆಯೇ, ಮೊದಲ ಹತ್ತು ನಿಮಿಷದಲ್ಲಿ ಸಂಘದ ಲೆಕ್ಕವನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡೆವು. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ಮುಚ್ಚಳ ತೆಗೆದೆವು. ಒಳಗೆ ಫ್ಯಾನಿನ ಮೇಲೆ ಧೂಳು ಕಂಬಳಿಯ ಹಾಗೆ ಹೊದ್ದುಕೊಂಡಿತ್ತು! ರಾಗಿ ಮೂಟೆ ಮತ್ತು ಗೋಡೆಯ ನಡುವೆ ನೆಲದ ಮೇಲೆ ಕಂಪ್ಯೂಟರ್ ಇಟ್ಟಿದ್ದರು. ಅದಕ್ಕೆ ಉಸಿರಾಡಲು ಜಾಗವೇ ಇರಲಿಲ್ಲ. ಧೂಳು ತೆಗೆದು, ಜಾಗ ಬದಲಿಸಿ ಶುರು ಮಾಡಿದರೆ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಖರ್ಚಾದದ್ದು ಒಂದು ಪೇಂಟ್ ಬ್ರಷ್ ಅಷ್ಟೇ.

ಒಂದು ತಿಂಗಳ ಲೆಕ್ಕ ಮಾತ್ರ ಸೇವ್ ಆಗಿರಲಿಲ್ಲ. ಅದನ್ನು ಸದಸ್ಯರ ಪಾಸ್ ಬುಕ್ಕುಗಳನ್ನು ಒಟ್ಟು ಹಾಕಿ ಮತ್ತೆ ಬರೆದೆವು. ಮುಂದಿನ ಸಭೆಯಲ್ಲಿ ಲೆಕ್ಕ ಓದಿ ಹೇಳಿದಾಗ, ಆ ಹಿರಿಯ ಅಕ್ಕನೇ ಎದ್ದು ಬಂದು ತಂಗಿಯ ಕೈ ಹಿಡಿದುಕೊಂಡರು.

ಎಲ್ಲಾ ಕಂಪ್ಯೂಟರಿಗೂ ಇದೇ ಕಾಯಿಲೆ ಅಂತ ತಿಳಿಯಬೇಡಿ. ಜ್ವರಕ್ಕೆ ಹತ್ತು ಕಾರಣ ಇದ್ದ ಹಾಗೆ ಹ್ಯಾಂಗ್ ಆಗುವುದಕ್ಕೂ ಹಲವು ಕಾರಣಗಳಿವೆ. ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡಿ, ಕಡಿಮೆ ಖರ್ಚಿನದ್ದನ್ನು ಆಮೇಲೆ, ದೊಡ್ಡ ಖರ್ಚನ್ನು ಕೊನೆಗೆ ನೋಡಬೇಕು. ಈ ಪಾಠವನ್ನು ಅದೇ ಕ್ರಮದಲ್ಲಿ ಬರೆದಿದ್ದೇವೆ. ನೀವು ಓದಿ, ಮನೆಯ ಮಕ್ಕಳಿಗೂ ಓದಿಸಿ.

1. ನಿಂತ ಕೂಡಲೇ ಏನು ಮಾಡಬೇಕು?

ತಾಳಿದವನು ಬಾಳಿಯಾನು. ಮೊದಲು ನಾಲ್ಕೈದು ನಿಮಿಷ ಕಾಯಿರಿ. ಸುಮ್ಮನೆ ಹತ್ತು ಸಲ ಕ್ಲಿಕ್ ಮಾಡಬೇಡಿ. ಒಂದು ಕೆಲಸವೇ ಆಗದೆ ಒದ್ದಾಡುತ್ತಿರುವಾಗ ಇನ್ನೂ ಹತ್ತು ಕೆಲಸ ಹೇಳಿದಂತೆ ಆಗುತ್ತದೆ. ಡಬ್ಬದ ಮುಂದೆ ಚಿಕ್ಕ ದೀಪವೊಂದು ಮಿನುಗುತ್ತಾ ಇದ್ದರೆ ಒಳಗೆ ಡಿಸ್ಕ್ ಕೆಲಸ ಮಾಡುತ್ತಿದೆ ಎಂದು ಅರ್ಥ.

ಕಾದರೂ ಏಳದಿದ್ದರೆ ಕೀ ಬೋರ್ಡಿನ ಬಲಗಡೆ ಇರುವ ನಮ್ ಲಾಕ್ ಕೀ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರಿಗೆ ಜೀವ ಇದೆ, ಯಾವುದೋ ಒಂದು ಪ್ರೋಗ್ರಾಂ ಮಾತ್ರ ಸಿಕ್ಕಿಹಾಕಿಕೊಂಡಿರಬಹುದು. ಆಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಯಾವುದರ ಮುಂದೆ 'ನಾಟ್ ರೆಸ್ಪಾಂಡಿಂಗ್' ಎಂದು ಇದೆಯೋ ಅದನ್ನು ಆರಿಸಿ 'ಎಂಡ್ ಟಾಸ್ಕ್' ಒತ್ತಿ. ಆ ಒಂದು ಪ್ರೋಗ್ರಾಂ ಮುಚ್ಚಿ ಉಳಿದದ್ದು ಬಿಡುಗಡೆ ಆಗುತ್ತದೆ. ಆ ಪ್ರೋಗ್ರಾಂನಲ್ಲಿ ಸೇವ್ ಮಾಡದೆ ಇದ್ದದ್ದು ಹೋಗುತ್ತದೆ, ನೆನಪಿರಲಿ.

ಬಾಣ ಮಾತ್ರ ನಿಂತು ಕೀ ಬೋರ್ಡ್ ಕೆಲಸ ಮಾಡುತ್ತಿದ್ದರೆ ಮೌಸಿನ ವೈರ್ ಸಡಿಲವಾಗಿದೆಯಾ ನೋಡಿ. ಕಿತ್ತು ಬೇರೆ ತೂತಿಗೆ ಹಾಕಿ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

ನಮ್ ಲಾಕ್ ದೀಪವೂ ಅಲ್ಲಾಡದಿದ್ದರೆ ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಆಫ್ ಆಗುತ್ತದೆ. ಗೋಡೆಯ ಪ್ಲಗ್ ಎಳೆಯಬೇಡಿ. ಅರ್ಧ ನಿಮಿಷ ಬಿಟ್ಟು ಶುರು ಮಾಡಿ. ಇದು ಕೊನೆಯ ದಾರಿ, ದಿನಾ ಮಾಡುವಂಥದ್ದಲ್ಲ.

2. ಎದ್ದ ಕೂಡಲೇ ಲೆಕ್ಕ ಉಳಿಸಿ

ಕಂಪ್ಯೂಟರ್ ಮತ್ತೆ ಎದ್ದಿತು ಅಂತ ಸಂತೋಷದಲ್ಲಿ ಹಳೇ ಕೆಲಸಕ್ಕೆ ಕೂರಬೇಡಿ. ಮೊದಲ ಕೆಲಸ, ಸಂಘದ ಲೆಕ್ಕ, ಮಕ್ಕಳ ಓದಿನ ಫೈಲು, ಮನೆಯವರ ಫೋಟೋ ಇವನ್ನು ಪೆನ್ ಡ್ರೈವ್‌ಗೆ ನಕಲು ಮಾಡುವುದು. ಒಂದಲ್ಲ, ಎರಡು ಪೆನ್ ಡ್ರೈವ್. ಒಂದು ಲೆಕ್ಕ ಬರೆಯುವವರ ಹತ್ತಿರ, ಇನ್ನೊಂದು ಸಂಘದ ಪೆಟ್ಟಿಗೆಯಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗಬಾರದು.

ಒಳಗಿನಿಂದ 'ಟಿಕ್ ಟಿಕ್' ಎಂದೋ 'ಕರ ಕರ' ಎಂದೋ ಶಬ್ದ ಬರುತ್ತಿದ್ದರೆ ಬಹಳ ಎಚ್ಚರ. ಹಳೇ ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ಗಿರಗಿರ ತಿರುಗುತ್ತಾ ಇರುತ್ತದೆ, ಅದರ ಮೇಲೆ ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ಓದುವ ಸೂಜಿ ಓಡಾಡುತ್ತದೆ. ಅದು ಸವೆದು ಸಾಯುವ ಮುಂಚೆ ಹೀಗೆ ಶಬ್ದ ಮಾಡುವುದುಂಟು. ಪದೇ ಪದೇ ಆನ್ ಮಾಡಿ ಪರೀಕ್ಷೆ ಮಾಡಬೇಡಿ. ಮುಖ್ಯವಾದ ಫೈಲುಗಳನ್ನು ಮಾತ್ರ ತೆಗೆದುಕೊಂಡು ಆಫ್ ಮಾಡಿ, ತಿಳಿದವರಿಗೆ ತೋರಿಸಿ.

3. ಕಾಯಿಲೆಯ ಲಕ್ಷಣ ಬರೆದಿಡಿ

ಡಾಕ್ಟರ ಹತ್ತಿರ ಹೋದರೆ "ಜ್ವರ ಯಾವಾಗ ಬರ್ತದೆ? ಬೆಳಿಗ್ಗೆಯಾ, ಸಂಜೆಯಾ?" ಎಂದು ಕೇಳುತ್ತಾರಲ್ಲವೇ? ಕಂಪ್ಯೂಟರಿಗೂ ಹಾಗೆಯೇ. ಒಂದು ನೋಟ್ ಬುಕ್ಕಿನಲ್ಲಿ ಒಂದು ವಾರ ಬರೆಯಿರಿ: ಎಷ್ಟು ಹೊತ್ತಿಗೆ ನಿಂತಿತು, ಶುರು ಮಾಡಿ ಎಷ್ಟು ನಿಮಿಷ ಆಗಿತ್ತು, ಏನು ಕೆಲಸ ನಡೆಯುತ್ತಿತ್ತು, ಏನಾದರೂ ಶಬ್ದ ಬಂತೇ, ಕರೆಂಟ್ ಹೇಗಿತ್ತು. ಬರೆದದ್ದನ್ನು ನೋಡಿದರೆ ಕಾರಣ ತಾನೇ ಕಾಣಿಸುತ್ತದೆ.

- ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ, ಅದರಲ್ಲೂ ಬಿಸಿಲಿನ ಹೊತ್ತಿನಲ್ಲಿ ನಿಂತರೆ: ಬಿಸಿ ಮತ್ತು ಧೂಳು.
- ಮಿಕ್ಸಿ, ಪಂಪ್ ಸೆಟ್ ಹಾಕಿದಾಗ ನಿಂತರೆ: ಕರೆಂಟಿನ ತೊಂದರೆ.
- ಒಂದೇ ಪ್ರೋಗ್ರಾಂ ತೆರೆದಾಗ ಮಾತ್ರ ನಿಂತರೆ: ಆ ಪ್ರೋಗ್ರಾಂನದೇ ದೋಷ.
- ಬಹಳ ಕಿಟಕಿ ತೆರೆದಾಗ ನಿಧಾನವಾಗಿ ನಿಂತರೆ: ರ‍್ಯಾಮ್ ಸಾಲದು.
- ಹೊತ್ತುಗೊತ್ತಿಲ್ಲದೆ, ಕಾರಣವಿಲ್ಲದೆ ನಿಂತರೆ: ರ‍್ಯಾಮ್, ಡಿಸ್ಕ್ ಅಥವಾ ಒಳಗಿನ ಪವರ್ ಸಪ್ಲೈ ಮೇಲೆ ಅನುಮಾನ.

4. ಬಿಸಿ ಮತ್ತು ಧೂಳು

ಕಂಪ್ಯೂಟರಿನ ಮೆದುಳಾದ ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲೆ ಒಂದು ಲೋಹದ ತುಂಡು, ಅದರ ಮೇಲೆ ಫ್ಯಾನ್ ಕೂತು ಬಿಸಿಯನ್ನು ಹೊರಗೆ ಹಾಕುತ್ತವೆ. ಧೂಳು ತುಂಬಿದರೆ ಬಿಸಿ ಒಳಗೇ ಉಳಿಯುತ್ತದೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಕೆಲಸ ನಿಧಾನ ಮಾಡುತ್ತದೆ, ಇಲ್ಲವೇ ಕಂಪ್ಯೂಟರ್ ನಿಂತುಹೋಗುತ್ತದೆ. ನಮ್ಮ ಊರುಗಳಲ್ಲಿ ರಸ್ತೆಯ ಮಣ್ಣು, ರಾಗಿ ಹಿಟ್ಟು, ಒಲೆಯ ಹೊಗೆ, ಊದಿನಕಡ್ಡಿ ಎಲ್ಲವೂ ಆ ಫ್ಯಾನಿಗೇ ಹೋಗಿ ಅಂಟುತ್ತವೆ.

ಸ್ವಚ್ಛ ಮಾಡುವ ಕ್ರಮ ಹೀಗಿದೆ:

ಅ) ಸರಿಯಾಗಿ ಆಫ್ ಮಾಡಿ, ಎಲ್ಲಾ ವೈರ್ ಕಿತ್ತುಬಿಡಿ. ಯಾವ ವೈರ್ ಎಲ್ಲಿತ್ತು ಅಂತ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಆ) ಡಬ್ಬವನ್ನು ಜಗಲಿಗೆ ತನ್ನಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ.

ಇ) ಒಳಗೆ ಏನನ್ನಾದರೂ ಮುಟ್ಟುವ ಮುಂಚೆ ಡಬ್ಬದ ಲೋಹವನ್ನು ಕೈಯಿಂದ ಮುಟ್ಟಿ. ಮೈಯಲ್ಲಿರುವ ಸಣ್ಣ ಸ್ಥಿರ ವಿದ್ಯುತ್ ಅಲ್ಲಿಗೆ ಹೋಗುತ್ತದೆ. ಇಲ್ಲದಿದ್ದರೆ ಒಳಗಿನ ಚಿಪ್ಪುಗಳಿಗೆ ತೊಂದರೆ.

ಈ) ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಒರೆಸಿ, ಗಿರ್ರನೆ ತಿರುಗಲು ಬಿಡಬೇಡಿ. ಒದ್ದೆ ಬಟ್ಟೆ ಬೇಡವೇ ಬೇಡ.

ಉ) ವೈರ್ ಬಂದು ಸೇರುವ ಚೌಕದ ಲೋಹದ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದನ್ನು ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಪ್ರಾಣಕ್ಕೆ ಅಪಾಯ. ಹೊರಗಿನ ಜಾಲರಿಯ ಧೂಳು ತೆಗೆದರೆ ಸಾಕು.

ಊ) ಮುಚ್ಚಳ ಹಾಕಿ ಶುರು ಮಾಡಿ. ಫ್ಯಾನ್ ತಿರುಗುವ ಶಬ್ದ ಕೇಳುತ್ತದೆಯಾ, ಹಿಂದಿನಿಂದ ಗಾಳಿ ಬರುತ್ತದೆಯಾ ನೋಡಿ. ಪ್ರೊಸೆಸರಿನ ಫ್ಯಾನ್ ತಿರುಗದಿದ್ದರೆ ಕಂಪ್ಯೂಟರ್ ಓಡಿಸಬೇಡಿ. ಫ್ಯಾನ್ ಒಂದನ್ನೇ ಬದಲಾಯಿಸಬಹುದು, ಇಡೀ ಕಂಪ್ಯೂಟರ್ ಬದಲಾಯಿಸಬೇಕಿಲ್ಲ.

ಜಾಗವೂ ಮುಖ್ಯ. ನೆಲದಿಂದ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಓಡುವಾಗ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ. ಒಲೆಯ ಹತ್ತಿರ, ಮೂಟೆಗಳ ಮಧ್ಯೆ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಧೂಳು ತೆಗೆಯಿರಿ.

ಮುಚ್ಚಳ ತೆಗೆದಾಗಲೇ ರ‍್ಯಾಮ್ ಅನ್ನೂ ನೋಡಬಹುದು. ಅದು ಉದ್ದನೆಯ ಚಿಕ್ಕ ಪಟ್ಟಿ. ಎರಡು ಕಡೆಯ ಕ್ಲಿಪ್ ಬಿಡಿಸಿ ತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, 'ಟಕ್' ಎನ್ನುವ ತನಕ ಒತ್ತಿ ಕೂರಿಸಿ. ಆಮೇಲೆ ಪರದೆ ಬಾರದೆ 'ಬೀಪ್ ಬೀಪ್' ಎಂದರೆ ಅದು ಸರಿಯಾಗಿ ಕೂತಿಲ್ಲ ಎನ್ನಿ. ಆಫ್ ಮಾಡಿ, ವೈರ್ ಕಿತ್ತು, ಮತ್ತೆ ಕೂರಿಸಿ. ಕೈ ನಡುಗುವವರು ಈ ಕೆಲಸ ಮಾಡಬೇಡಿ, ತಿಳಿದವರಿಂದ ಮಾಡಿಸಿ.

5. ಕರೆಂಟು

ನಮ್ಮ ಮನೆಗಳಿಗೆ ಬರಬೇಕಾದದ್ದು 230 ವೋಲ್ಟ್. ವೋಲ್ಟೇಜ್ ಬಹಳ ಇಳಿದರೆ ಕಂಪ್ಯೂಟರ್ ನಿಲ್ಲಬಹುದು, ಇಲ್ಲವೇ ತಾನೇ ಆಫ್ ಆಗಿ ಆನ್ ಆಗಬಹುದು. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕಂಪ್ಯೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲಾ ಹಾಕಬೇಡಿ. ಪ್ಲಗ್ ಸಡಿಲವಾಗಿದೆಯಾ ನೋಡಿ. ಯುಪಿಎಸ್ ಇದ್ದರೆ ಅದರ ಬ್ಯಾಟರಿ ಹಳೆಯದಾಗಿದೆಯಾ ವಿಚಾರಿಸಿ. ಕೆಲವು ವರ್ಷದಲ್ಲಿ ಅದು ಸಾಯುತ್ತದೆ, ಯುಪಿಎಸ್ ಹೆಸರಿಗೆ ಮಾತ್ರ ಇರುತ್ತದೆ.

ಡಬ್ಬ ಮುಟ್ಟಿದರೆ 'ಜುಂ' ಎನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಅದನ್ನು ಉಪಯೋಗಿಸಬೇಡಿ. ಕಂಪ್ಯೂಟರಿಗಿಂತ ಮಕ್ಕಳ ಪ್ರಾಣ ದೊಡ್ಡದು.

6. ಹೊಟ್ಟೆ ತುಂಬಿದ ಕಂಪ್ಯೂಟರ್

ಕಣಜ ತುಂಬಿ ಬಾಗಿಲವರೆಗೂ ಮೂಟೆ ಬಂದರೆ ಮನೆಯಲ್ಲಿ ಓಡಾಡಲು ಆಗುತ್ತದೆಯೇ? 'ಸಿ' ಡ್ರೈವ್ ತುಂಬಿದರೂ ಹಾಗೆಯೇ. ಅದರಲ್ಲಿ ನೂರಕ್ಕೆ ಹದಿನೈದು ಇಪ್ಪತ್ತರಷ್ಟು ಜಾಗ ಖಾಲಿ ಇರುವುದು ಒಳ್ಳೆಯದು. 'ದಿಸ್ ಪಿಸಿ' ತೆರೆದರೆ ಎಷ್ಟು ಉಳಿದಿದೆ ಅಂತ ಗೆರೆಯಲ್ಲಿ ಕಾಣುತ್ತದೆ. ಗೆರೆ ಕೆಂಪಾಗಿದ್ದರೆ ತುಂಬಿದೆ ಎಂದರ್ಥ. ಹಳೇ ಸಿನಿಮಾ, ಮೊಬೈಲಿನಿಂದ ತಂದ ವಿಡಿಯೋ, 'ಡೌನ್‌ಲೋಡ್ಸ್'ನಲ್ಲಿ ಬಿದ್ದಿರುವ ಬೇಡದ ಫೈಲು ಅಳಿಸಿ. ರಿಸೈಕಲ್ ಬಿನ್ ಖಾಲಿ ಮಾಡುವ ಮುಂಚೆ ಒಮ್ಮೆ ಒಳಗೆ ಕಣ್ಣಾಡಿಸಿ. 'ಸೆಟ್ಟಿಂಗ್ಸ್', 'ಸಿಸ್ಟಮ್', 'ಸ್ಟೋರೇಜ್', 'ಟೆಂಪರರಿ ಫೈಲ್ಸ್' ಈ ದಾರಿಯಲ್ಲಿ ಹೋದರೆ ಕಸ ತೆಗೆಯಬಹುದು. 'ವಿಂಡೋಸ್' ಎಂಬ ಫೋಲ್ಡರಿನ ಒಳಗೆ ಮಾತ್ರ ಕೈ ಹಾಕಬೇಡಿ.

ಇನ್ನೊಂದು, ಆನ್ ಆದ ಕೂಡಲೇ ತಾವೇ ಏಳುವ ಪ್ರೋಗ್ರಾಂಗಳು. ಟಾಸ್ಕ್ ಮ್ಯಾನೇಜರಿನ 'ಸ್ಟಾರ್ಟ್‌ಅಪ್' ಭಾಗದಲ್ಲಿ ಬೇಡದ್ದನ್ನು 'ಡಿಸೇಬಲ್' ಮಾಡಿ. ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು ನಿಂತು ಜಗಳವಾಡಿದ ಹಾಗೆ ಆಗುತ್ತದೆ. ವಿಂಡೋಸ್ 10, 11ರ ಜೊತೆಗೇ ಬರುವ ಡಿಫೆಂಡರ್‌ನಿಂದ 'ಫುಲ್ ಸ್ಕ್ಯಾನ್' ಮಾಡಿಸಿ. ಬೇರೆಯವರ ಪೆನ್ ಡ್ರೈವ್ ಹಾಕಿದರೆ ಸ್ಕ್ಯಾನ್ ಮಾಡದೆ ತೆರೆಯಬೇಡಿ.

7. ಯಂತ್ರದ ದೋಷವೋ, ಪ್ರೋಗ್ರಾಂ ದೋಷವೋ?

ಇದನ್ನು ತಿಳಿಯಲು 'ಸೇಫ್ ಮೋಡ್' ಎಂಬ ಉಪಾಯವಿದೆ. ಶಿಫ್ಟ್ ಕೀ ಹಿಡಿದುಕೊಂಡು 'ರಿಸ್ಟಾರ್ಟ್' ಒತ್ತಿ. ನೀಲಿ ಪರದೆಯಲ್ಲಿ 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್', 'ರಿಸ್ಟಾರ್ಟ್' ಆರಿಸಿ, ಆಮೇಲೆ 4 ಒತ್ತಿ. ಕಂಪ್ಯೂಟರ್ ತೀರಾ ಬೇಕಾದ ಸಾಮಾನಿನಿಂದ ಮಾತ್ರ ಏಳುತ್ತದೆ. ಹೀಗೆ ಒಂದು ಗಂಟೆ ಬಿಡಿ. ನಿಲ್ಲದಿದ್ದರೆ ದೋಷ ಯಾವುದೋ ಪ್ರೋಗ್ರಾಂನಲ್ಲಿದೆ ಎಂದು ಹೆಚ್ಚಾಗಿ ಹೇಳಬಹುದು. ಇತ್ತೀಚೆಗೆ ಹಾಕಿದ್ದನ್ನು ತೆಗೆದು ನೋಡಿ. ಇಲ್ಲೂ ನಿಂತರೆ ಯಂತ್ರದ ಮೇಲೆ ಅನುಮಾನ ಪಡಿ.

ರ‍್ಯಾಮ್ ಪರೀಕ್ಷೆಗೆ ಸ್ಟಾರ್ಟ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಹುಡುಕಿ ಓಡಿಸಿ. ಡಿಸ್ಕ್ ಪರೀಕ್ಷೆಗೆ 'ಸಿ' ಡ್ರೈವ್ ಮೇಲೆ ಬಲಗಡೆ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', 'ಟೂಲ್ಸ್', 'ಚೆಕ್' ಒತ್ತಿ. ಆದರೆ ಲೆಕ್ಕದ ನಕಲು ತೆಗೆದ ಮೇಲೆಯೇ ಈ ಕೆಲಸ.

8. ಹಳೇ ಕಂಪ್ಯೂಟರ್ ಬಿಸಾಡಬೇಕೇ?

ಅವಸರ ಬೇಡ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ರ‍್ಯಾಮ್ ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಹಳೇ ಕಂಪ್ಯೂಟರ್ ಮತ್ತೆ ಚುರುಕಾಗುತ್ತವೆ. ಹೊಸದರ ಬೆಲೆಗೆ ಹೋಲಿಸಿದರೆ ಇದು ಕಡಿಮೆ ಖರ್ಚು.

ಒಂದು ವಿಷಯ ಮಾತ್ರ ತಿಳಿದಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಓಡುತ್ತದೆ, ಆದರೆ ಹೊಸ ಕಳ್ಳರಿಗೆ ಹೊಸ ಬೀಗ ಬರುವುದು ನಿಂತಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಮತ್ತು ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಬಹಳ ಹಳೇ ಕಂಪ್ಯೂಟರಿನಲ್ಲಿ ಇದು ಇರುವುದಿಲ್ಲ. ಅಂಥವಕ್ಕೆ ದುಡ್ಡಿಲ್ಲದೆ ಸಿಗುವ ಲಿನಕ್ಸ್ ಹಾಕಿಸಬಹುದು. ಭದ್ರತೆ ಇಲ್ಲದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

9. ಹ್ಯಾಂಗ್ ಅಲ್ಲ, ಮೋಸ!

ಕೆಲವು ಸಲ ಪರದೆ ತುಂಬಾ ಕೆಂಪು ಬರಹ ಬಂದು, ಶಬ್ದ ಮಾಡುತ್ತಾ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ" ಎನ್ನುತ್ತದೆ. ಮೌಸ್ ಕೂಡ ಕೆಲಸ ಮಾಡದಂತೆ ಕಾಣಬಹುದು. ಇದು ಹ್ಯಾಂಗ್ ಅಲ್ಲ, ಕಳ್ಳರ ಬಲೆ. ಫೋನ್ ಮಾಡಬೇಡಿ. ಅವರು ಹೇಳಿದ ಆಪ್ ಹಾಕಿಕೊಳ್ಳಬೇಡಿ, ಓಟಿಪಿ ಹೇಳಬೇಡಿ. ಆಲ್ಟ್ ಮತ್ತು ಎಫ್ 4 ಒಟ್ಟಿಗೆ ಒತ್ತಿ, ಇಲ್ಲವೇ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಿ. ಅಪ್ಪಿತಪ್ಪಿ ದುಡ್ಡು ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಹೆಚ್ಚು.

10. ರಿಪೇರಿಗೆ ಕೊಡುವಾಗ

ಇಷ್ಟೆಲ್ಲಾ ಮಾಡಿಯೂ ನಿಂತರೆ ರಿಪೇರಿಗೆ ಕೊಡಲೇಬೇಕು. ನಿಮ್ಮ ನೋಟ್ ಬುಕ್ ಜೊತೆಗೆ ಒಯ್ಯಿರಿ. "ಅಣ್ಣಾ, ಧೂಳು ತೆಗೆದಿದೀವಿ, ರ‍್ಯಾಮ್ ಉಜ್ಜಿ ಹಾಕಿದೀವಿ, ಸೇಫ್ ಮೋಡಲ್ಲೂ ನಿಲ್ತದೆ" ಎಂದು ಹೇಳುವ ಹೆಂಗಸಿಗೆ ಯಾರೂ ಸುಲಭಕ್ಕೆ ಸುಳ್ಳು ಹೇಳಲಾರರು. ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯ್ತು, ಎಷ್ಟಾಗುತ್ತದೆ ಎಂದು ಮೊದಲೇ ಕೇಳಿ. ಬದಲಾಯಿಸಿದ ಹಳೇ ಭಾಗವನ್ನು ವಾಪಸ್ ಕೇಳಿ. ಬಿಲ್ಲು, ಗ್ಯಾರಂಟಿ ಬರೆಸಿಕೊಳ್ಳಿ. "ಫಾರ್ಮ್ಯಾಟ್ ಮಾಡ್ತೀನಿ" ಎಂದರೆ ಒಳಗಿದ್ದದ್ದೆಲ್ಲಾ ಅಳಿಸಿಹೋಗುತ್ತದೆ ಎಂದರ್ಥ. ನಕಲು ಇದೆಯೆಂದು ಖಾತ್ರಿ ಮಾಡಿಕೊಳ್ಳದೆ ಒಪ್ಪಬೇಡಿ.

ಕೊನೆಯ ಮಾತು

ಸಹೋದರಿಯರೇ, ಕಂಪ್ಯೂಟರ್ ಒಳ್ಳೆಯ ಸಹಾಯಕ, ಆದರೆ ಸಂಘದ ತಾಯಿ ಪುಸ್ತಕವೇ. ನಗದು ಪುಸ್ತಕ, ಖಾತೆ ಪುಸ್ತಕ, ನಡಾವಳಿ ಪುಸ್ತಕ ಸಭೆಯಲ್ಲೇ ಬರೆದು, ಓದಿ, ಸಹಿ ಆಗಬೇಕು. ಆಮೇಲೆ ಕಂಪ್ಯೂಟರಿಗೆ ಹಾಕೋಣ. ಲೆಕ್ಕ ಬರೆಯುವವರ ಮೇಲೆ ಅನುಮಾನ ಬಂದಾಗ ಬೀದಿಯಲ್ಲಿ ಮಾತಾಡದೆ ಸಭೆಯಲ್ಲೇ ಕೇಳೋಣ. ಲೆಕ್ಕ ಬರೆಯುವವರೂ ತೊಂದರೆ ಬಂದ ಮೊದಲ ವಾರವೇ ಹೇಳಿಬಿಡಲಿ. ಆ ತಂಗಿ ನಾಲ್ಕು ತಿಂಗಳು ಒಬ್ಬಳೇ ಅತ್ತಳು. ಮೊದಲ ವಾರವೇ ಹೇಳಿದ್ದರೆ ಒಂದು ಬ್ರಷ್‌ನಲ್ಲಿ ಮುಗಿಯುತ್ತಿತ್ತು. ಕಂಪ್ಯೂಟರ್ ನಿಂತರೆ ಮತ್ತೆ ಓಡಿಸಬಹುದು. ನಮ್ಮ ನಮ್ಮಲ್ಲಿ ನಂಬಿಕೆ ನಿಂತುಹೋದರೆ ಸಂಘ ಓಡುವುದು ಕಷ್ಟ.

ಸಂಘದ ಸಭೆಯಲ್ಲಿ ಚರ್ಚಿಸಲು

- ನಮ್ಮ ಸಂಘದ ಲೆಕ್ಕ ಎಲ್ಲೆಲ್ಲಿ ಇದೆ? ಪುಸ್ತಕ ಇಂದಿನವರೆಗೆ ಬರೆದಿದೆಯೇ?
- ಪೆನ್ ಡ್ರೈವ್ ನಕಲನ್ನು ಯಾರು, ತಿಂಗಳಿಗೆ ಎಷ್ಟು ಸಲ ತೆಗೆಯುತ್ತಾರೆ?
- ಲೆಕ್ಕ ಬರೆಯುವವರಿಗೆ ಕಾಯಿಲೆಯಾದರೆ ಅವರ ಕೆಲಸ ತಿಳಿದ ಇನ್ನೊಬ್ಬರು ಇದ್ದಾರೆಯೇ?
- ಕಂಪ್ಯೂಟರ್ ಇರುವ ಮನೆಯಲ್ಲಿ ಅದನ್ನು ಎಲ್ಲಿ ಇಟ್ಟಿದ್ದೇವೆ? ಕೊನೆಯ ಸಲ ಧೂಳು ತೆಗೆದದ್ದು ಯಾವಾಗ?

ಚರ್ಚಿಸಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನಾವು ಮುಂದಿನ ಸಲ ಬಂದಾಗ ಅದನ್ನೇ ಮೊದಲು ಕೇಳುತ್ತೇವೆ!